ಸರಿಪಡಿಸಿದ ಪ್ರತಿ

"ಬಾಯಿ ಮುಚ್ಕೊಳ್ರಪ್ಪ, ಶುರುವಾಯ್ತು," ಎಂದು ಬಿಯರ್ ಅಂಗಡಿಯ ಒಡತಿ ಉಲ್ಲಾ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. ಗ್ಲಾಸುಗಳ ಸದ್ದು ಅಡಗಿತು. ಟೀವಿಯ ನೇರ ಎದುರಿಗಿದ್ದ ಇಸ್ಪೀಟಿನವರ ಜಾಗವನ್ನು ಆ ಭಾನುವಾರ ಹೆಡ್ವಿಗ್‌ಗೆ ಬಿಟ್ಟುಕೊಟ್ಟಿದ್ದರು. ಅವಳು ಕರಿಯ ಉಣ್ಣೆಯಂಗಿ ತೊಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರ ಬಾಗಿಲಲ್ಲಿ ಕಾಯುವವಳ ಹಾಗೆ ಕೂತಿದ್ದಳು. ಅವಳ ಗಂಡ ಬ್ರೂನೊ ಇವತ್ತು ಟೀವಿಯಲ್ಲಿ ಬರುವವನಿದ್ದ. ಅವನು ಸತ್ತು ಇನ್ನೂ ಎರಡು ತಿಂಗಳಾಗಿರಲಿಲ್ಲ.

ಹಿಂದಿನ ಶರತ್ಕಾಲದಲ್ಲಿ ಸೀರಿಯಲ್‌ನವರು ಜರ್ಮನಿಯ ಹೆರ್ನೆ ಊರಿನ ಈ ಗಣಿ ಕಾಲೊನಿಗೆ ಲಾರಿಗಳಲ್ಲಿ ಬಂದಿಳಿದಿದ್ದರು. ಫ್ರೆಂಚ್ ಸೈನ್ಯ ಈ ರೂರ್ ಸೀಮೆಯನ್ನು ಹಿಡಿದುಕೊಂಡಿದ್ದ ಕಾಲದ ಕೊಲೆಯ ಕಥೆಯಂತೆ. ಅವರಿಗೆ ನೂರು ವರ್ಷ ಹಿಂದಿನ ಬೀದಿ ಬೇಕಾಗಿತ್ತು. ಇಲ್ಲಿ ಮನೆಗಳ ಮುಂದಿನ ಕಾರು ಎತ್ತಿಸಿದರೆ ಸಾಕಿತ್ತು. ಗಣಿ ಮುಚ್ಚಿದ ಮೇಲೆ ಉಳಿದ ಮುದುಕರ ಮುಖಗಳೂ ಸುಲಭವಾಗಿ ಸಿಕ್ಕವು. ಬ್ರೂನೊನನ್ನಂತೂ ಕಂಡ ಕೂಡಲೇ ಕರೆದರು. "ಏನು ವೇಷ ಕೊಟ್ರು?" ಎಂದು ಹೆಡ್ವಿಗ್ ಕೇಳಿದರೆ, "ನೋಡ್ದಾಗ ಗೊತ್ತಾಗುತ್ತೆ ಬಿಡೆ. ಅವ್ರ ಬೇಳೆ ಸಾರು ಮಾತ್ರ ನಿಂದಕ್ಕಿಂತ ಚೆನ್ನಾಗಿತ್ತು," ಎಂದಿದ್ದ.

ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ. ಎದೆಯೊಳಗೆಲ್ಲ ಕಲ್ಲಿದ್ದಲ ಧೂಳು. "ಇನ್ನೂ ಹೊತ್ತಿದೆ, ಕೆಳಗೆ ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ," ಎಂದು ನರ್ಸ್ ಕಳಿಸಿದಳು. ಹೆಡ್ವಿಗ್ ಮೇಲೆ ಬರುವಷ್ಟರಲ್ಲಿ ಕೋಣೆಯ ಕಿಟಕಿ ತೆರೆದಿತ್ತು. ಇಲ್ಲಿ ಪ್ರಾಣ ಹೋದ ಕೂಡಲೇ ಕಿಟಕಿ ತೆರೆಯುತ್ತಾರೆ. ಅವಳು ಮಂಚದ ಕಡೆ ನೋಡುವ ಮೊದಲು ಪರದೆ ಗಾಳಿಗೆ ಹಾರುವುದನ್ನು ನೋಡಿದಳು.

ಅವನು ಓಡಾಡುವ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಮದುವೆಯಿರಲಿ, ನಾಮಕರಣವಿರಲಿ, ಕ್ಯಾಮೆರಾ ಹಿಡಿಯುತ್ತಿದ್ದವನು ಅವನೇ. ಎಲ್ಲರೂ ಕೈ ಬೀಸುತ್ತಾರೆ, ಕೇಕ್ ತಿನ್ನುತ್ತಾರೆ. ಅವನದೆಂದು ಇರುವುದು ಹುಲ್ಲಿನ ಮೇಲೆ ಬಿದ್ದ ಒಂದು ನೆರಳು. ಅದಕ್ಕೇ ಅವಳು ಈ ಭಾನುವಾರಕ್ಕೆ ಕಾದಿದ್ದಳು. ಗಣಿಯ ಬಾಗಿಲಿಂದ ಬರುವ ಗುಂಪಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೂ ಸಾಕು ಎಂದುಕೊಂಡಿದ್ದಳು.

ಮೊದಲು ಕಾಲುವೆ, ಮಂಜು. ದಂಡೆಯ ಮೇಲೆ ಸೈನಿಕರ ಬೂಟುಗಳು. ಕೌಂಟರಿನ ಹತ್ತಿರ ಕುರ್ಟ್ ಮುಂದಕ್ಕೆ ಬಗ್ಗಿ ಕಣ್ಣು ಕಿರಿದು ಮಾಡಿದ. ಉಲ್ಲಾಳ ಅಂಗಡಿಯಲ್ಲಿ ಭಾನುವಾರದ ಕೊಲೆ ಕಥೆ ನೋಡುವ ಕ್ರಮವೇ ಬೇರೆ. ಕೊಲೆಗಾರ ಯಾರೆಂದು ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚಿತ್ರದಲ್ಲಿ ತಪ್ಪು ಹುಡುಕುತ್ತಾರೆ. ಮೊದಲು ತಪ್ಪು ಕಂಡವನು ಕೌಂಟರಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸಬೇಕು. ಅವನಿಗೆ ಉಲ್ಲಾಳ ಲೆಕ್ಕದಲ್ಲಿ ಒಂದು ಗುಟುಕು ಶ್ನಾಪ್ಸ್ ಸಾರಾಯಿ. ಮಾರನೆಯ ದಿನ ಆ ತಪ್ಪನ್ನು ಅಂಗಡಿಯ ಹೆಸರಿನಲ್ಲಿ ಚಾನೆಲ್‌ಗೆ ಬರೆದು ಕಳಿಸುವುದೂ ಉಂಟು. ಗಣಿಯೊಳಗೆ ಸುರಕ್ಷತೆಯ ಮೇಸ್ತ್ರಿಯಾಗಿದ್ದ ಕುರ್ಟ್‌ನೇ ಹೆಚ್ಚು ಸಲ ಗೆದ್ದವನು.

"ಆ ದೀಪದ ಕಂಬ ನೋಡು," ಎಂದ ಯಾರೋ.

"ಕಂಬ ಸರಿಯಾಗೇ ಇದೆ, ಸುಮ್ನಿರು," ಎಂದ ಕುರ್ಟ್.

ಕ್ಯಾಮೆರಾ ಗಣಿಯ ಪಕ್ಕದ ಬೂದಿಯ ದಿಬ್ಬ ಹತ್ತಿತು. ಅಲ್ಲೊಂದು ಹೆಣ. ತೂತು ಬಿದ್ದ ಕಾಲುಚೀಲ, ಕೆಸರಾದ ಪ್ಯಾಂಟು, ದೊಡ್ಡ ಗುಂಡಿಗಳ ಕೋಟು. ಹಾಗೇ ಮೇಲೆ ಬಂದು ಮುಖದ ಮೇಲೆ ನಿಂತಿತು. ಬ್ರೂನೊ. ರೆಪ್ಪೆಗಳ ಮೇಲೆ ಮಸಿ, ಬಾಯಿ ಸ್ವಲ್ಪ ತೆರೆದಿದೆ.

ಉಲ್ಲಾ ರಿಮೋಟ್ ಎತ್ತಿಕೊಂಡು, "ಹೆಡ್ವಿಗ್, ಆರಿಸ್ಲೇನೆ?" ಎಂದಳು.

"ಬೇಡ."

ಪೊಲೀಸ್ ಅಧಿಕಾರಿ ಹೆಣದ ಪಕ್ಕ ಮಂಡಿಯೂರಿ, ಸತ್ತು ಎಷ್ಟು ಹೊತ್ತಾಗಿರಬಹುದೆಂದು ಹೇಳತೊಡಗಿದ. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಉಸಿರಾಡ್ತಾನೆ," ಎಂದ ಕುರ್ಟ್. "ಕೋಟಿನ ಗುಂಡಿ ನೋಡ್ರೋ. ಹೆಣ ಉಸಿರಾಡ್ತಿದೆ." ಗಂಟೆಯ ಹಗ್ಗ ಕೈಯಲ್ಲಿದ್ದ ಹಾಗೇ ಅವನಿಗೆ ಎಚ್ಚರವಾಯಿತು. "ಅಯ್ಯೋ, ಹೆಡ್ವಿಗ್. ಅಭ್ಯಾಸ ಕಣೆ. ಬಾಯಿಗೆ ಬಂದ್ಬಿಡ್ತು."

ಆದರೆ ಅವಳು ಅವನ ಕಡೆ ತಿರುಗಿರಲಿಲ್ಲ. ಗುಂಡಿ ಮೇಲೆದ್ದಿತು, ಒಂದು ಕ್ಷಣ ತಡೆಯಿತು, ಇಳಿಯಿತು. ಮತ್ತೆ ಎದ್ದಿತು. ನಿದ್ದೆಯಲ್ಲಿ ಅವನದು ಹಾಗೇ. ನಡುವೆ ಒಂದು ತಡೆ ಇರುತ್ತಿತ್ತು. ವರ್ಷಗಟ್ಟಲೆ ಅವಳು ಆ ತಡೆಯಲ್ಲಿ ಎಚ್ಚರವಾಗಿ, ಮುಂದಿನ ಉಸಿರು ಬಂದ ಮೇಲೆ ಮಗ್ಗುಲು ಬದಲಿಸಿದ್ದಳು.

"ಸುಮ್ನೆ ಬಿದ್ಕೊಂಡಿರೋ ಕೆಲ್ಸ ಕೊಟ್ರೂ ಅದನ್ನೂ ನೆಟ್ಟಗೆ ಮಾಡ್ಲಿಲ್ಲ," ಎಂದಳು ಹೆಡ್ವಿಗ್. ಆಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಕುರ್ಟ್‌ನ ಶ್ನಾಪ್ಸನ್ನು ಉಲ್ಲಾ ಅವಳ ಮುಂದೆ ಇಟ್ಟಳು.

ಮಾರನೆಯ ಬೆಳಿಗ್ಗೆ ಮಗಳು ಆಂಕೆ ಬಂದು, ಪ್ರಸಾರವಾಗಿಹೋದ ಕಾರ್ಯಕ್ರಮಗಳನ್ನು ಟ್ಯಾಬ್‌ನಲ್ಲಿ ಮತ್ತೆ ನೋಡುವುದು ಹೇಗೆಂದು ತೋರಿಸಿಕೊಟ್ಟಳು. ಅಂದಿನಿಂದ ಹೆಡ್ವಿಗ್ ದಿನಾ ಕಾಫಿ ಬಗ್ಗಿಸಿಕೊಂಡು, ಟ್ಯಾಬನ್ನು ಜಾಮ್ ಬಾಟಲಿಗೆ ಒರಗಿಸಿಟ್ಟು, ಹೆಣದ ದೃಶ್ಯಕ್ಕೆ ತಂದು ನೋಡುವಳು. ಉಸಿರು ಎರಡೇ ಇದ್ದವು. ಮುಗಿದ ಮೇಲೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುವಳು.

ಉಸಿರಾಡುವ ಹೆಣದ ಸುದ್ದಿ ದೇಶಕ್ಕೆಲ್ಲ ಹಬ್ಬಿತ್ತು. ಪೇಪರಿನವರು ಬರೆದರು. ಬೇಕರಿಯವಳು, "ನಿಮ್ಮ ಯಜಮಾನ್ರು ಹೋದ್ಮೇಲೆ ಫೇಮಸ್ ಆದ್ರು ನೋಡಿ," ಎಂದು ಒಂದು ಬನ್ನು ಹೆಚ್ಚಿಗೆ ಹಾಕಿದಳು. ಆಂಕೆಯ ಫೋನಿನಲ್ಲಿ ಜನ ಬರೆದದ್ದಕ್ಕೆ ಕೊನೆಯೇ ಇರಲಿಲ್ಲ. ತಾಯಿ ಬಲವಂತ ಮಾಡಿದ್ದಕ್ಕೆ ಎರಡು ಮೂರು ಓದಿದಳು. "ನಾವು ಕಟ್ಟೋ ಟೀವಿ ಶುಲ್ಕ ಇದಕ್ಕಾ?" "ಮೊದಲ ದೃಶ್ಯದಲ್ಲೇ ಹೀಗೆ, ಮುಂದೆ ನೋಡೋದೇನು." "ಆ ಮುದುಕನಿಗೆ ಅರೆ ನಿಮಿಷ ಉಸಿರು ಬಿಗಿ ಹಿಡಿಯಕ್ಕೂ ಬರಲ್ವಾ?"

"ಸಾಕಮ್ಮ," ಎಂದು ಆಂಕೆ ಫೋನು ಮುಚ್ಚಿದಳು.

"ಹಿಡಿಯಕ್ಕೆ ಅವನ ಹತ್ರ ಉಸಿರೆಲ್ಲಿತ್ತು," ಎಂದಳು ಹೆಡ್ವಿಗ್.

ಶುಕ್ರವಾರ ಬೆಳಿಗ್ಗೆ ಗುಂಡಿ ಏಳಲಿಲ್ಲ. ಅವಳು ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಅದೇ ಮಂಜು, ಅದೇ ಅಧಿಕಾರಿ, ಅದೇ ಮಾತು. ಅಧಿಕಾರಿಯ ಟೋಪಿಯ ಹಿಂದೆ ಹೊಗೆ ತೇಲುತ್ತಿತ್ತು. ಬ್ರೂನೊ ಮಾತ್ರ ಫೋಟೊದ ಹಾಗೆ ಬಿದ್ದಿದ್ದ. ಟ್ಯಾಬ್ ಕೆಟ್ಟಿರಬೇಕೆಂದು ಆಂಕೆಯನ್ನು ಕರೆಸಿದಳು. ಆಂಕೆ ನೋಡಿ, ಪರದೆಯ ಕೆಳಗಿನ ಸಣ್ಣ ಅಕ್ಷರ ಓದಿದಳು: ವೀಕ್ಷಕರ ಸೂಚನೆಯಂತೆ ಸರಿಪಡಿಸಲಾಗಿದೆ.

ಕುರ್ಟ್ ತೋಟದಲ್ಲಿ ಆಲೂಗಡ್ಡೆಗೆ ಮಣ್ಣು ಅಗೆಯುತ್ತಿದ್ದ. ಹೆಡ್ವಿಗ್ ಬೇಲಿಯ ಈಚೆಗೇ ನಿಂತಳು.

"ಬರೆದ್ಯಾ ಅವರಿಗೆ?"

"ಬರೆದೆ. ಉತ್ತರಾನೂ ಬಂತು ಕಣೆ, ನಿನ್ನೆ. ಗೌರವವಾಗಿ ಬರ್ದಿದಾರೆ." ಅವಳ ಮುಖ ನೋಡಿ ಗುದ್ದಲಿ ಊರಿದ. "ಯಾಕೆ?"

"ನಿಲ್ಸಿಬಿಟ್ರು ಕುರ್ಟ್. ಉಸಿರು ನಿಲ್ಸಿಬಿಟ್ರು."

"ಅದಕ್ಕೇ ಬರ್ದಿದ್ದು. ಊರೆಲ್ಲ ಅವನ್ನ ನೋಡಿ ನಗ್ತಿತ್ತು. ಜೊತೇಲಿ ಕೆಳಗಿಳಿದು ಮೂವತ್ತು ವರ್ಷ ದುಡಿದೋನು ಕಣೆ. ಕಂಡ ಕಂಡೋರ ಬಾಯಲ್ಲಿ ಅವನು ಹಾಗೆ ಬೀಳೋದನ್ನ ನಾನು ನೋಡ್ಕೊಂಡಿರ್ಲಾ?"

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ತಪ್ಪು ಅಂದ್ಮೇಲೆ ತಪ್ಪೇ ಅಲ್ವೇನೆ," ಎಂದ ಕುರ್ಟ್. ದನಿ ಅರ್ಧಕ್ಕೇ ಇಳಿದಿತ್ತು.

ಆಂಕೆ ಚಾನೆಲ್‌ಗೆ ಫೋನು ಹಚ್ಚಿ, ತಾಯಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಆ ಕಡೆ ಎಳೆಯ ಹುಡುಗಿಯ ದನಿ, ನಯವಾಗಿತ್ತು.

"ಈಗಿರೋದು ಸರಿಪಡಿಸಿದ ಪ್ರತಿ ಮೇಡಂ. ಇನ್ನು ಯಾರಿಗೂ ತೊಂದ್ರೆ ಆಗಲ್ಲ."

"ನಂಗೆ ಹಳೇದೇ ಬೇಕಿತ್ತಮ್ಮ," ಎಂದಳು ಹೆಡ್ವಿಗ್.

"ತಪ್ಪಿರೋ ಪ್ರತಿಯನ್ನ ಹೊರಗೆ ಕೊಡೋ ಪದ್ಧತಿ ಇಲ್ಲ. ನಿಮಗೆ ಯಾವ ದೃಶ್ಯ ಬೇಕಿತ್ತು ಅಂತ ಹೇಳ್ತೀರಾ?"

"ಹೆಣದ್ದು."

"ಹೆಣದ್ದನ್ನೇ ಅಲ್ವಾ ನಾವು ಸರಿ ಮಾಡಿರೋದು," ಎಂದಳು ಹುಡುಗಿ. ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ. ಹೆಂಡತಿ, ಗಂಡ ಎಂದು ಆಂಕೆ ವಿವರಿಸಹೊರಟಳು. ಹೆಡ್ವಿಗ್ ಕೈ ಅಡ್ಡ ಮಾಡಿ ಫೋನು ಇಡಿಸಿದಳು.

ಯಾರಾದರೂ ಆ ರಾತ್ರಿ ಟೀವಿಯನ್ನು ತಮ್ಮ ಫೋನಿನಲ್ಲಿ ಹಿಡಿದಿದ್ದರೇನೋ ಎಂದು ಆಂಕೆ ಕಾಲೊನಿಯಲ್ಲೆಲ್ಲ ವಿಚಾರಿಸಿದಳು. ಇಬ್ಬರ ಹತ್ತಿರ ಫೋಟೊ ಮಾತ್ರ ಇತ್ತು.

ಭಾನುವಾರ ಎರಡನೆಯ ಕಂತು. ಹೆಡ್ವಿಗ್ ಬರಲಾರಳೆಂದೇ ಎಲ್ಲರೂ ತಿಳಿದಿದ್ದರು. ಬಂದಳು. ಎದುರಿನ ಜಾಗ ಖಾಲಿಯಿದ್ದರೂ ಬಾಗಿಲ ಬಳಿಯ ಕುರ್ಚಿ ಎಳೆದು, ಕೋಟು ತೆಗೆಯದೆ ಕೂತಳು. ಹಿಂದಿನ ಕಂತಿನಲ್ಲಿ ಏನಾಯಿತೆಂದು ತೋರಿಸುವಾಗ ಮೊದಲು ಬಂದದ್ದೇ ಬೂದಿಯ ದಿಬ್ಬ. ಬ್ರೂನೊ ಅಲುಗಾಡದೆ ಬಿದ್ದಿದ್ದ. ಯಾರೂ ಕೆಮ್ಮಲಿಲ್ಲ, ಯಾರೂ ಗ್ಲಾಸು ಎತ್ತಲಿಲ್ಲ. ಆ ನಿಶ್ಶಬ್ದದಲ್ಲಿ ಕುರ್ಟ್‌ನ ಎದೆಯ ಸಿಳ್ಳು ಕೇಳತೊಡಗಿತು: ಎಳೆದುಕೊಳ್ಳುವಾಗ ಸಣ್ಣಗೆ, ಬಿಡುವಾಗ ಗೊರಗೊರ. ಹೆಡ್ವಿಗ್ ತಲೆ ತಿರುಗಿಸಿ ಅವನನ್ನು ನೋಡಿದಳು.

ಕುರ್ಟ್ ಬಾಯಿ ಮುಚ್ಚಿ ಉಸಿರು ಬಿಗಿ ಹಿಡಿದ. ಕತ್ತಿನ ನರ ಉಬ್ಬಿದವು, ಮುಖ ಕೆಂಪಾಯಿತು, ಕೈ ಕೌಂಟರಿನ ಅಂಚನ್ನು ಹುಡುಕಿತು. ಅರೆ ನಿಮಿಷವೂ ಆಗಿರಲಿಲ್ಲ. ತೆರೆಯ ಮೇಲೆ ಅಧಿಕಾರಿ ಇನ್ನೂ ಮಂಡಿಯೂರುತ್ತಿದ್ದ.