ಲಾಂಡ್ರಿ ಕಿಟಕಿಯ ಕೆಳಗಿನ ಹುಲ್ಲು

ಹಸಿ ಹುಲ್ಲಿನ ವಾಸನೆ, ಅದರ ಮೇಲೆ ಬಿಸಿ ಇಸ್ತ್ರಿಯ ಹಬೆ — ಇದನ್ನು ಹೇಳಲು ಹೊರಟಿದ್ದಕ್ಕೆ ಕ್ಷಮಿಸಬೇಕು, ಯಾರು ಕ್ಷಮಿಸಬೇಕು, ಈ ಟ್ರ್ಯಾಕ್ಟರಿನ ಸೀಟಿನ ಮೇಲೆ ನಾನೊಬ್ಬನೇ ಇದ್ದೇನೆ, ಕಟ್ಟಿಕೊಂಡ ಹೆಂಡತಿಯ ಬಗ್ಗೆ ಮನಸ್ಸಿನೊಳಗೂ ಹೀಗೆ ಮಾತಾಡಬಾರದು, ಗೊತ್ತು, ಆದರೂ ಆ ಹುಲ್ಲಿನ ಪಟ್ಟಿ ತುಂಡಾಗದೆ ನಿಂತೇ ಇದೆಯಲ್ಲ, ಆಸ್ಪತ್ರೆಯ ಅಷ್ಟಗಲದ ಹುಲ್ಲುಹಾಸು ಜಮಖಾನ ಹಾಸಿದ ಹಾಗೆ ಒಂದೇ ಮಟ್ಟಕ್ಕಿದೆ, ಲಾಂಡ್ರಿಯ ಗೋಡೆಗುಂಟ ಮಾತ್ರ, ಆ ಕಿಟಕಿಗಳ ಕೆಳಗೆ ಮಾತ್ರ, ಅರೆಬರೆ, ಹರಿದ ತುದಿಗಳು, ಬಾಗಿ ಮತ್ತೆ ಎದ್ದು ನಿಂತ ಎಸಳುಗಳು, ಅರ್ಧ ಕ್ಷೌರಕ್ಕೇ ಎದ್ದುಬಂದವನ ಗಡ್ಡದಂತೆ. ಈ ಹುಲ್ಲು ಕತ್ತರಿಸುವ ಟ್ರ್ಯಾಕ್ಟರು ಓಡಿಸುವವನು, ಆ ಹೊಸ ಡ್ರೈವರ್, ನಾನು ರಿಪೇರಿ ಮಾಡುವ ಶೆಡ್ಡಿನ ಬಾಗಿಲಿಗೆ ಒರಗಿ, ಅಣ್ಣಾ, ನಿಮ್ಮ ಗಾಡಿಗೆ ಹಲ್ಲು ಬಿದ್ದೋಗಿದೆ, ಹುಲ್ಲು ಅಗಿಯೋಕಾಗ್ತಿಲ್ಲ ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಾಲಿಗೆ ತಾನಾಗಿ ನನ್ನ ಬಾಯಿಯ ಎಡಗಡೆಯ ಖಾಲಿ ಜಾಗಕ್ಕೆ ಹೋಯಿತು, ನನಗೇ ಅಂದನೋ ಏನೋ, ಅವನ ಹಲ್ಲುಗಳಾದರೋ ಜೋಡಿಸಿಟ್ಟ ಹಾಗಿವೆ, ಕಾಲರ್ ನೋಡಿದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಒಂಟಿ ಗಂಡಸು, ಇಸ್ತ್ರಿ ಮಾಡಿಕೊಡೋರು ಯಾರು, ಲಾಂಡ್ರಿಯಲ್ಲಿ ಇಸ್ತ್ರಿಯ ಮೇಜು ನನ್ನವಳದು, ನನ್ನ ಅಂಗಿ ನಾನೇ ಕೈಯಲ್ಲಿ ನೀವಿ ಹಾಕಿಕೊಳ್ಳುತ್ತೇನೆ, ಇಡೀ ದಿನ ಅದೇ ಕೆಲಸ ಮಾಡಿ ಬಂದಿರ್ತಾಳೆ, ಮನೆಯಲ್ಲೂ ಮಾಡು ಅನ್ನೋಕೆ ಬಾಯಿ ಬರಲ್ಲ.

ಮೇಲ್ವಿಚಾರಕರು ಸಂಜೆಯೊಳಗೆ ಹೇಳಿ ಅಂದಿದ್ದಾರೆ, ಹೊಸ ಡೆಕ್ ತರಿಸಬೇಕೋ, ಇದರಲ್ಲೇ ಆಗುತ್ತೋ — ಡೆಕ್ ಅಂದರೆ ಏನು ಮಹಾ, ಟ್ರ್ಯಾಕ್ಟರಿನ ಹೊಟ್ಟೆಯಡಿ ತೂಗುವ ಕಬ್ಬಿಣದ ಬೋಗುಣಿ, ಬೋರಲು ಹಾಕಿದ್ದು, ಅದರೊಳಗೆ ಗಿರಗಿರ ತಿರುಗುವ ಬ್ಲೇಡುಗಳು, ಅವನ್ನು ಬಿಚ್ಚಿ ಸಾಣೆ ಹಿಡಿದೆ, ಮೊಳೆಗೆ ತೂಗುಹಾಕಿ ಎರಡೂ ಕಡೆ ತೂಕ ಸಮವಿದೆಯೇ ನೋಡಿದೆ, ತಲೆಕೆಳಗಾಗಿ ಕೂರಿಸಿಬಿಟ್ಟೆನೇನೋ ಅಂತ ಮತ್ತೆ ಬಿಚ್ಚಿದೆ, ನನ್ನ ಮೇಲೆ ನನಗೆ ಇರುವ ನಂಬಿಕೆ ಅಷ್ಟೇ, ಬೆಲ್ಟು ಬಿಗಿಯಾಗಿದೆ, ಟೈರುಗಳ ಗಾಳಿ ಸಮ, ಡೆಕ್ಕಿನ ಎಡ ಬಲ ಒಂದೇ ಎತ್ತರ, ಒಳಗೆ ಮೆತ್ತಿಕೊಂಡಿದ್ದ ಒಣಹುಲ್ಲನ್ನೆಲ್ಲ ಉಗುರು ಸವೆಯುವ ಹಾಗೆ ಕೆರೆದೆ, ಎಲ್ಲ ಸರಿ, ಎಲ್ಲ ಸರಿಯಿದ್ದರೆ ಮತ್ತೇನು, ಡೆಕ್ ಕೆಟ್ಟಿದ್ದರೆ ಹುಲ್ಲುಹಾಸೆಲ್ಲ ಕೆಡಬೇಕು, ಕಬ್ಬಿಣಕ್ಕೇನು ಗೊತ್ತು ಇದು ಲಾಂಡ್ರಿಯ ಗೋಡೆ ಅಂತ. ಆಗ ನನಗೆ ಈ ರಿಪೇರಿ ಕೆಲಸ ಕಲಿಸಿದ ಸಂಜೆ ಕ್ಲಾಸಿನ ಮೇಷ್ಟ್ರು ಕಿವಿಯಲ್ಲಿ ಮಾತಾಡಿದ ಹಾಗಾಯಿತು, ಬ್ಲೇಡು ಚೂಪಿದ್ರೆ ಸಾಲದು ಕಣಪ್ಪ, ಓಡಬೇಕು, ಎಂಜಿನ್ನಿನ ರೇಸು ಇಳಿಸಿದ್ರೆ ಬ್ಲೇಡೂ ನಿಧಾನ ಆಗುತ್ತೆ, ಹುಲ್ಲು ತುಂಡಾಗಲ್ಲ, ಸುಮ್ನೆ ತಲೆ ಬಗ್ಗಿಸಿ ನೀನು ಆಚೆ ಹೋದಮೇಲೆ ಎದ್ದು ನಿಲ್ಲುತ್ತೆ. ರೇಸು ಇಳಿಸುತ್ತಾನೆ. ಇಲ್ಲೇ ಬಂದು ಇಳಿಸುತ್ತಾನೆ. ಇಲ್ಲಿ ತಿರುವಿಲ್ಲ, ಗಿಡವಿಲ್ಲ, ಕಲ್ಲಿಲ್ಲ, ರೋಗಿಗಳು ಮಲಗುವ ವಾರ್ಡು ಆ ಕಡೆಗಿದೆ, ಇಲ್ಲಿ ಎಂಜಿನ್ನಿನ ಸದ್ದು ತಗ್ಗಿಸುವುದಕ್ಕೆ ಒಂದೇ ಕಾರಣ, ಮಾತು ಕೇಳಿಸಲಿ ಅಂತ, ಯಾರ ಮಾತು, ಒಳಗೆ ಎಷ್ಟೊಂದು ಹೆಂಗಸರಿದ್ದಾರೆ, ಅವಳೇ ಯಾಕಾಗಬೇಕು, ಆದರೆ ಕಿಟಕಿಯ ಪಕ್ಕದ ಮೇಜು ಅವಳದೇ. ಮೊನ್ನೆ ಪಾತ್ರೆ ತೊಳೆಯುತ್ತ ತಾನಾಗಿ ನಕ್ಕಳು, ಏನು ಅಂದರೆ, ಏನಿಲ್ಲರೀ, ಆ ಡ್ರೈವರ್ ಏನೋ ಹೇಳಿದ್ದು ನೆನಪಾಯ್ತು, ಅವರು ಬಾಯಿ ಬಿಟ್ರೆ ಹೊಟ್ಟೆ ಹುಣ್ಣಾಗುತ್ತೆ, ಏನು ಹೇಳಿದ ಅಂದರೆ, ಅಯ್ಯೋ, ನಿಮಗೆ ಹೇಳಿದ್ರೆ ನಗು ಬರಲ್ಲ ಬಿಡಿ. ನನಗೆ ಹೇಳಿದರೆ ನಗು ಬರಲ್ಲ. ನಾನು ಊಟಕ್ಕೆ ಕೂತರೆ ಬೇರಿಂಗಿನ ಮಾತಾಡುತ್ತೇನೆ, ಅವಳು ಹೂಂ ಅನ್ನುತ್ತಾಳೆ, ಹೂಂ ಅನ್ನುತ್ತ ಕಣ್ಣು ಮುಚ್ಚುತ್ತಾಳೆ. ಇನ್ನೊಂದು, ಬಂದ ಹೊಸತರಲ್ಲಿ ಅವನು ಅತ್ತಿಗೆ ಅನ್ನುತ್ತಿದ್ದ, ಅತ್ತಿಗೆ ಚೆನ್ನಾಗಿದ್ದಾರಾ ಅಣ್ಣಾ, ಈಚೆಗೆ ನಿಮ್ಮ ಮನೆಯವರು ಅನ್ನುತ್ತಾನೆ, ನಾನು ಇನ್ನೂ ಅಣ್ಣನೇ ಆಗಿದ್ದೇನೆ, ಅವಳು ಅತ್ತಿಗೆ ಆಗಿರುವುದು ಯಾವತ್ತು ನಿಂತಿತು.

ಅದಕ್ಕೇ ನಾನೇ ಹತ್ತಿದೆ, ಅವನು ಕ್ಯಾಂಟೀನಿಗೆ ಹೋದದ್ದು ನೋಡಿಕೊಂಡು, ಪೂರ್ತಿ ರೇಸು ಕೊಟ್ಟು ಗೋಡೆಗುಂಟ ಒಂದು ಸಲ ಹೋದೆ, ಮೈಯೆಲ್ಲ ನಡುಗುವ ಸದ್ದು, ಹಿಂತಿರುಗಿ ನೋಡಿದರೆ ನಾನು ಹೋದ ಆ ಒಂದು ಸಾಲು ಕತ್ತರಿ ಹಾಕಿದ ಹಾಗೆ ನುಣ್ಣಗೆ, ಯಂತ್ರದ ತಪ್ಪಿಲ್ಲ, ನನ್ನ ಕೈಯ ತಪ್ಪೂ ಇಲ್ಲ, ಖುಷಿಯಾಗಬೇಕಿತ್ತು, ಹಾಗಾದರೆ ಅವನು ಬೇಕಂತಲೇ ಇಳಿಸುತ್ತಾನೆ. ಅಲ್ಲಿಗೆ ಇಳಿದುಬಿಡಬೇಕಿತ್ತು. ಇನ್ನೊಂದು ಸುತ್ತು ಬಂದೆ, ಯಾಕೆ ಬಂದೆ, ಕಿಟಕಿಯ ಹತ್ತಿರ ಬಂದಾಗ ಅವನ ಹಾಗೆಯೇ ರೇಸು ಇಳಿಸಿದೆ, ಸದ್ದು ತಗ್ಗಿತು, ಕಿಟಕಿಯ ರೆಕ್ಕೆ ತೆರೆಯಿತು, ಅವಳ ಮುಖ, ಇಸ್ತ್ರಿಯ ಕಾವಿಗೆ ಕೆಂಪಾದ ಕೆನ್ನೆ, ತುಟಿಯ ಮೇಲೆ ನಗು. ನೀವಾ ಅಂದಳು. ನಾನೇ, ಗಾಡಿ ನೋಡ್ತಿದ್ದೆ. ಊಟ ಆಯ್ತಾ. ಇಲ್ಲ. ಹೊತ್ತು ಮೀರಿಸಬೇಡಿ, ಆಮೇಲೆ ತಲೆನೋವು ಅಂತೀರಿ. ಕಿಟಕಿ ಮುಚ್ಚಿತು. ಮೇಲ್ವಿಚಾರಕರು ಹುಲ್ಲು ದಾಟಿ ಬಂದೇಬಿಟ್ಟರು, ಏನು, ಗೊತ್ತಾಯ್ತಾ ಅಂದರು, ನಾನು ಯಂತ್ರಕ್ಕೇನೂ ಆಗಿಲ್ಲ ಅಂದರೆ ಮತ್ತೇಕೆ ಹೀಗೆ ಅನ್ನುತ್ತಾರೆ, ಅವನು ರೇಸು ಇಳಿಸುತ್ತಾನೆ ಅಂದರೆ ಯಾಕೆ ಇಳಿಸುತ್ತಾನೆ ಅನ್ನುತ್ತಾರೆ, ಆಮೇಲೆ ಎಲ್ಲರೂ ಆ ಕಿಟಕಿಯ ಕಡೆ ತಿರುಗುತ್ತಾರೆ, ಇನ್ನೂ ಗೊತ್ತಾಗಿಲ್ಲ ಸಾರ್ ಅಂದೆ, ಸುಳ್ಳೂ ಅಲ್ಲ, ಅವರು ಹೊರಟುಹೋದರು, ನಾನು ಸೀಟಿನ ಮೇಲೆಯೇ ಇದ್ದೇನೆ, ರೇಸು ಇಳಿದೇ ಇದೆ — ರೆಕ್ಕೆ ತೆರೆಯಿತು, ನಗುತ್ತಿದ್ದಳು, ಆಮೇಲೆ ನನ್ನನ್ನು ಕಂಡಳು, ಅಲ್ಲ, ರೆಕ್ಕೆ ತೆರೆಯಿತು, ನನ್ನನ್ನು ಕಂಡಳು, ಆಮೇಲೆ ನಕ್ಕಳು, ಮತ್ತೆ ರೆಕ್ಕೆ, ಕೆಂಪು ಕೆನ್ನೆ, ತುಟಿ — ನಗು ಮೊದಲು ಬಂತೋ, ನನ್ನನ್ನು ಕಂಡದ್ದು ಮೊದಲೋ, ನನಗೆ ಗೊತ್ತಿಲ್ಲ.