ಮೊದಲೇ ಬರೆದಿಟ್ಟ ಉತ್ತರ

ಬಶಿಯಲ್ಲಿ ಚಹಾ ಚೆಲ್ಲಿದೆ, ಬಿಸಿ ಇನ್ನೂ ಆರಿಲ್ಲ, ಕುಡಿಯವಾ ಎಂದರು ಸಮಿತಿಯ ಅಧ್ಯಕ್ಷರು, ಇಷ್ಟು ನಯವಾಗಿ ಯಾಕೆ ಮಾತಾಡುತ್ತಾರೆ ಇವರು, ಸಾವಂತ್ರವ್ವ ಕಪ್ಪು ಮುಟ್ಟಲಿಲ್ಲ — ಹುಟ್ಟಿ ಹದಿನೇಳು ವರ್ಷವಾಯಿತು, ಮುದ್ದೇಬಿಹಾಳದ ಯಾವ ಕಚೇರಿಯಲ್ಲೂ ಅವಳಿಗೆ ಕುರ್ಚಿ ಕೊಟ್ಟವರಿಲ್ಲ, ಈಗ ಎಪ್ಪತ್ತೊಂಬತ್ತನೇ ಇಸವಿ ಮಕ್ಕಳ ವರ್ಷವಂತೆ, ಅನಾಥಾಶ್ರಮದ ಮೂವತ್ತೊಂದು ಹುಡುಗಿಯರನ್ನು ಮನೆಗಳಿಗೆ ಸಾಕಲು ಕೊಡಬೇಕೋ ಬೇಡವೋ ಎಂದು ಈ ಸಮಿತಿ ತೀರ್ಮಾನಿಸುತ್ತದಂತೆ, ಹಂಗ ಸಾಕಿದ ಮನ್ಯಾಗ ಬೆಳದಾಕಿ ನೀನು, ನೀನ ಹೇಳಬೇಕವಾ, ಅಂದರು ಅಧ್ಯಕ್ಷರು. ತನ್ನನ್ನೇ ಯಾಕೆ ಕರೆಸಿದರು, ಹೂಂ ಅನ್ನುವವಳು ಇವಳೇ ಎಂದು ಯಾರಾದರೂ ಕಿವಿಯೂದಿದರೋ, ಬಾಗಿಲಾಚೆ ಬೆಂಚಿನ ಮೇಲೆ ಪರಪ್ಪ ಕೆಮ್ಮಿದ, ಎಂಟನೇ ವಯಸ್ಸಿನಲ್ಲಿ ಅವಳನ್ನು ಆಶ್ರಮದಿಂದ ನಾಲತವಾಡಕ್ಕೆ ಕರೆದೊಯ್ದ ಸಾಕುತಂದೆ, ಆ ಕೆಮ್ಮು ಅವಳಿಗೆ ಗೊತ್ತು, ನಾ ಇಲ್ಲೇ ಅದೇನಿ ಅನ್ನುವ ಕೆಮ್ಮು. ಅವನ ಹೆಂಡತಿ ಸಿದ್ದಲಿಂಗವ್ವ, ಸಾವಂತ್ರವ್ವನಿಗೆ ವಿಷಮಜ್ವರ ಬಂದಾಗ ಹನ್ನೊಂದು ದಿನ ತಲೆಯ ಬಳಿ ಕೂತಿದ್ದಳು, ಸುಳ್ಳಲ್ಲ, ಎದ್ದು ಓಡಾಡುವಂತಾದ ಮೇಲೆ ಸಾಲಿ ಯಾಕ, ಎಮ್ಮಿ ಯಾರು ನೋಡ್ತಾರ ಅಂದವಳೂ ಅವಳೇ, ಎರಡೂ ನಿಜ, ಈ ಸಮಿತಿಯವರಿಗೆ ಒಂದೇ ಬೇಕು. ಹಿಂದೊಮ್ಮೆ ಸಾಹೇಬರೊಬ್ಬರು ವಿಚಾರಿಸಲು ಮನೆಗೆ ಬಂದಿದ್ದರು, ಆರಾಮ ಅದಿ ಏನವಾ, ಪರಪ್ಪ ಪಕ್ಕದಲ್ಲೇ ನಿಂತಿದ್ದ, ಆರಾಮ ಅದೇನ್ರಿ ಅಂದಳು, ಆಮೇಲೆ ಯಾರೂ ಬರಲಿಲ್ಲ, ಇದೂ ಅಂಥದ್ದೇ ಇರಬೇಕು — ಗುಮಾಸ್ತ ಧರೆಪ್ಪನ ಕೈಕೆಳಗೆ ಒಂದು ಹಾಳೆ, ಈ ಕಡೆಯಿಂದ ಅಕ್ಷರ ತಲೆಕೆಳಗು, ಆದರೂ ನಾಲ್ಕನೇ ಇಯತ್ತೆಯವರೆಗೆ ಕಲಿತದ್ದು ಮರೆತಿಲ್ಲ, ಯುವತಿಯು ತನ್ನ ಸಂತೋಷ ವ್ಯಕ್ತಪಡಿಸಿದಳು ಎಂದು ಬರೆದಿತ್ತು, ಯಾವಾಗ, ತಾನಿನ್ನೂ ಬಾಯಿ ತೆರೆದೇ ಇಲ್ಲವಲ್ಲ.

ಅದಕ್ಕ ಕಾಟ ಹೊಡೀರಿ, ಅವಳದೇ ದನಿ, ಅವಳೇ ಬೆಚ್ಚಿದಳು, ನಾ ಇನ್ನೂ ಮಾತಾಡೇ ಇಲ್ರಿ. ಅಧ್ಯಕ್ಷರು ಧರೆಪ್ಪನ ಕಡೆ ನೋಡಿದರು, ಅವನು ಕಿವಿ ಕೆಂಪಗೆ ಮಾಡಿಕೊಂಡು ಸಾಲಿನ ಮೇಲೆ ಗೆರೆ ಎಳೆದ. ಆತು, ಹೇಳವಾ. ಮೊದಲ ಬಾಗಲಾ ಹಾಕ್ರಿ ಅಂದಳು, ಹಾಕಿದರು, ಕೆಮ್ಮು ಹೊರಗೇ ಉಳಿಯಿತು. ಕೊಡೂದಿದ್ರ ಕೊಡ್ರಿ, ಆದ್ರ ಮೂರು ತಿಂಗಳಿಗೊಮ್ಮೆ ಬರ್ರಿ, ಹುಡುಗಿನ್ನ ಮನಿಯಿಂದ ಹೊರಗ ಕರದು ಒಬ್ಬಾಕಿನ್ನ ಕೇಳ್ರಿ, ಒಲ್ಲೆ ಅಂದ್ರ ಅವತ್ತೇ ಕರಕೊಂಡು ಹೋಗ್ರಿ. ಅಧ್ಯಕ್ಷರು ತಲೆದೂಗಿದರು, ಬೇಗನೇ ತಲೆದೂಗಿದರು, ಯಾಕೆ ಇಷ್ಟು ಬೇಗ, ಬರಕೋ ಧರೆಪ್ಪ ಅಂದರು. ಧರೆಪ್ಪ ಬರೆದ, ಮೂರು ತಿಂಗಳಿಗೊಮ್ಮೆ, ಹೊರಗೆ, ಒಬ್ಬಳನ್ನೇ, ಅವಳು ಬಗ್ಗಿ ಒಂದೊಂದೂ ಅಕ್ಷರ ಕಾಯುತ್ತ ಹೋದಳು, ಹುಡುಗಿ ಒಲ್ಲೆನೆಂದರೆ — ಅಲ್ಲಿಗೆ ಪೆನ್ನು ಮೇಲೆದ್ದಿತು, ಅವತ್ತೇ ಕರೆದೊಯ್ಯಬೇಕು ಎಂಬುದು ಬರೆಯದೇ ಉಳಿಯಿತು, ಧರೆಪ್ಪ ಅಧ್ಯಕ್ಷರ ಮುಖ ನೋಡಿದ, ಅಧ್ಯಕ್ಷರು ಕಿಟಕಿ ನೋಡಿದರು, ಒಲ್ಲೆನೆಂದರೆ, ನಿಬ್ಬಿನ ತುದಿಗೆ ಶಾಯಿಯ ಹನಿ, ಒಲ್ಲೆನೆಂದರೆ, ಹನಿ ದಪ್ಪವಾಗುತ್ತದೆ, ಬೀಳುವುದಿಲ್ಲ, ಒಲ್ಲೆನೆಂದರೆ, ಶಾಯಿಯ ಹನಿ, ಹನಿ —