ಎಡಗಡೆಯ ಎರಡು ಮಡ್‌ಗಾರ್ಡು

ಶೆಟ್ಟಿಕೊಪ್ಪದ ವನಜಮ್ಮನವರ ಕಾರಿನಲ್ಲಿ ಮನುಷ್ಯರು ಕೂತು ಹದಿನೆಂಟು ವರ್ಷವಾಗಿತ್ತು. ಕೋಳಿಗಳು ಮಾತ್ರ ತಪ್ಪದೆ ಕೂರುತ್ತಿದ್ದವು. ಅವರ ಯಜಮಾನರು ಎಂಬತ್ತರ ಹೊತ್ತಿಗೆ ಅದನ್ನು ಬೊಂಬಾಯಿಯಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ತರಿಸಿ, ಪುಸ್ತಕ ನೋಡಿಕೊಂಡು ಮನೆಯಲ್ಲೇ ಜೋಡಿಸಿದ್ದರು. ಮೈ ಪೂರ್ತಿ ಫೈಬರ್, ಒಳಗೆ ಹಳೇ ಫಿಯೆಟ್ಟಿನ ಎಂಜಿನ್, ಇಬ್ಬರಿಗಷ್ಟೇ ಜಾಗ. ಅವರು ತೀರಿಕೊಂಡ ಮೇಲೆ ಹಲಸಿನ ಕೊಂಬೆಯೊಂದು ಬಿದ್ದು ಬಲಗಡೆಯ ಮುಂದಿನ ಮಡ್‌ಗಾರ್ಡನ್ನು ಪುಡಿ ಮಾಡಿತ್ತು.

ಎರಡು ಸಾವಿರದ ಐದರ ದೀಪಾವಳಿ ಕಳೆದ ಮೇಲೆ ಆ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಕೊಪ್ಪಕ್ಕೆ ಬಂತು. ತರಿಸಿದವಳು ಸುಲೋಚನಮ್ಮ, ವನಜಮ್ಮನವರ ರವಿಕೆ ಹೊಲಿಯುವ ಟೈಲರ್. ಗಂಡ ಹೂವಪ್ಪನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದ. ಸ್ಟ್ರೋಕ್ ಹೊಡೆದು ಬಲಗೈ ಸೋತ ಆರು ತಿಂಗಳಿಂದ ಅವನು ಎಲ್ಲಕ್ಕೂ ಬೇಡ ಅನ್ನುತ್ತಿದ್ದ. ಕಾಫಿಗೆ ಮಾತ್ರ ಸ್ವಲ್ಪ ಯೋಚಿಸಿ ಅನ್ನುತ್ತಿದ್ದ. ಮೂವತ್ತು ವರ್ಷ ಬಸ್ಸುಗಳ ಹೊಟ್ಟೆ ಬಗೆದ ಮೆಕ್ಯಾನಿಕ್. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಎರಡು ದಿನ ಹಿಸುಕಿ ನಾಯಿಗೆ ಎಸೆದಿದ್ದ.

"ಎಂತದೇ ಇದು?"

"ಕಾರಂತೆ."

"ಕೋಳಿ ವಾಸನೆ ಹೊಡೀತದೆ."

"ಕೋಳಿನೂ ಕೇಳ್ದೆ. ವನಜಮ್ಮ ಕೊಡ್ಲಿಲ್ಲ ಮಾರಾಯ್ರೆ."

ಇದು ಗುಜರಿಗೇ ಸರಿ ಎಂದು ತೋರಿಸಿಕೊಡಲಿಕ್ಕಾಗಿಯೇ ಹೂವಪ್ಪ ಬಾನೆಟ್ ಎತ್ತಿದ. ಸಂಜೆಯ ಹೊತ್ತಿಗೆ ಸ್ಪ್ಯಾನರ್ ಎಲ್ಲಿಟ್ಟಿದ್ದೀಯ ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಆರು ತಿಂಗಳಲ್ಲಿ ಅದು ಮೊದಲ ರೇಗು. ಸುಲೋಚನಮ್ಮ ಆ ದಿನ ಪಾಯಸ ಮಾಡಿದಳು. ಹೂವಪ್ಪ ಮೊದಮೊದಲು ಸ್ಪ್ಯಾನರನ್ನು ಎಡಗೈಯಲ್ಲಿ ತಿರುಗಿಸಿ ಬಲಗೈಯನ್ನು ಸುಮ್ಮನೆ ಜೊತೆಗಿಟ್ಟುಕೊಳ್ಳುತ್ತಿದ್ದ. ಬರಬರುತ್ತ ಅದಕ್ಕೂ ನಾಚಿಕೆಯಾಯಿತೇನೋ, ನಟ್ಟು ಹಿಡಿಯತೊಡಗಿತು. ಶಿವರಾತ್ರಿ ಹೊತ್ತಿಗೆ ಎಂಜಿನ್ ಕೆಮ್ಮಿತು.

ಉಳಿದದ್ದು ಮಡ್‌ಗಾರ್ಡ್. ಬಸ್‌ಸ್ಟ್ಯಾಂಡ್ ಹತ್ತಿರ ನೀರಿನ ಟ್ಯಾಂಕಿಗಳಿಗೆ ತೇಪೆ ಹಾಕುವ ಅನ್ವರ್ ಫೈಬರ್ ಕೆಲಸ ಹೇಳಿಕೊಟ್ಟ. ಇರುವ ಎಡ ಮಡ್‌ಗಾರ್ಡಿಗೆ ಮೇಣ ಸವರಿ ಅಚ್ಚು ತೆಗೆದು, ಆ ಅಚ್ಚಿನೊಳಗೆ ಇನ್ನೊಂದು ಎರಕ. ಹೂವಪ್ಪ ಹದಿನೈದು ದಿನ ಕೂತು, ಬಲಗೈಯಲ್ಲೇ ಎಮರಿ ಪೇಪರ್ ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿದ. ಕೂರಿಸುವ ದಿನ ಅನ್ವರನೂ ಬಂದ. ಬಲಗಡೆಗೆ ಹಿಡಿದರೆ ಲೈಟಿನ ತೂತು ಸೀಟಿನತ್ತ ನೋಡುತ್ತಿತ್ತು. ತಿರುಗಿಸಿದರೆ ಉಬ್ಬು ಎಂಜಿನ್ನಿನ ಕಡೆಗೆ ಹೋಯಿತು.

ಅನ್ವರ್ ಗಡ್ಡ ಕೆರೆದುಕೊಂಡ. "ಹೂವಪ್ಪಣ್ಣ, ಇದೂ ಎಡಗಡೆದೇ."

ಹೂವಪ್ಪ ಅದನ್ನು ನೆಲಕ್ಕಿಟ್ಟು, ಕೈ ತೊಳೆದು, ಹೋಗಿ ಈಸಿಚೇರಿನಲ್ಲಿ ಕೂತ. ಅನ್ವರ್ ಹೊರಟುಹೋದ.

"ತಲೆನೂ ಹೋಯ್ತು ಕಣೆ," ಎಂದ ಆಮೇಲೆ. "ಎಡ ಬಲ ಗೊತ್ತಾಗ್ತಿಲ್ಲ. ಆ ಕಾರು ವಾಪಸ್ ಕಳ್ಸು."

ಸುಲೋಚನಮ್ಮ ಮಷಿನ್ ನಿಲ್ಲಿಸಿದಳು. ಒಳಗೆ ಹೋಗಿ ಟ್ರಂಕು ತಡಕಿ, ಕೆಂಪು ಚೌಕುಳಿಯ ರವಿಕೆಯೊಂದನ್ನು ತಂದು ಅವನ ತೊಡೆಯ ಮೇಲೆ ಹರಡಿದಳು.

"ತೋಳು ನೋಡಿ."

ನೋಡಿದ. ಬಲದ ತೋಳು ಏನೋ ಮುನಿಸಿಕೊಂಡಂತೆ ಹಿಂದಕ್ಕೆ ತಿರುಗಿತ್ತು.

"ಎರಡೂ ಎಡಗಡೆದು. ಶೃಂಗೇರೀಲಿ ಹೊಲಿಗೆ ಕ್ಲಾಸಿಗೆ ಹೋಗ್ತಿದ್ನಲ್ಲ, ಆಗ ಹೊಲ್ದಿದ್ದು. ಪೇಪರ್ ಮಗುಚದೆ ಎರಡು ಸಲ ಇಟ್ಟು ಕತ್ತರಿಸ್ದೆ. ನಂಗೆ ಹತ್ತೊಂಬತ್ತು ಆಗ. ಸ್ಟ್ರೋಕ್ ಆಗಿರ್ಲಿಲ್ಲ."

ಹೂವಪ್ಪ ರವಿಕೆಯನ್ನು ತಿರುವಿ ತಿರುವಿ ನೋಡಿದ.

"ಹೊಸ ಕೆಲಸ ಕಲಿಯೋರೆಲ್ಲ ಮಾಡೋ ತಪ್ಪು ಇದು. ನೀವು ಹೊಸ ಕೆಲಸ ಕಲೀತಿದ್ದೀರಿ, ಅಷ್ಟೆ."

"ಅನ್ವರ್‌ಗೂ ಹೊಳೀಲಿಲ್ವಲ್ಲ?"

"ಅವನು ಮಾಡೋದು ಟ್ಯಾಂಕಿ. ಟ್ಯಾಂಕಿಗೆ ಎಡ ಬಲ ಎಲ್ಲುಂಟು?"

ಹೂವಪ್ಪ ನಕ್ಕ. ಬಾಯಿ ಇನ್ನೂ ಸ್ವಲ್ಪ ಒಂದು ಕಡೆಗೆ ಹೋಗುತ್ತಿತ್ತು. ಅದನ್ನು ಮರೆತು ನಕ್ಕ.

ಮರುದಿನ ಅವಳು ಎಡ ಮಡ್‌ಗಾರ್ಡಿಗೆ ಹಳೇ ಪೇಪರ್ ಹೊದೆಸಿ, ಉಬ್ಬಿದಲ್ಲಿ ಟಕ್ಕು ಹಿಡಿದು, ಗುಂಡುಪಿನ್ನು ಚುಚ್ಚಿ ರವಿಕೆಯ ಹಾಗೇ ಅಳತೆ ತೆಗೆದಳು. ತುಂಡುಗಳನ್ನು ಮಗುಚಿ ಜೋಡಿಸಿಕೊಟ್ಟಳು. ಅದೇ ಅಳತೆಗೆ ಹೂವಪ್ಪ ಬಿದಿರುಪಟ್ಟಿ, ಜೇಡಿಮಣ್ಣಿನಲ್ಲಿ ಆಕಾರ ಕಟ್ಟಿ ಮೇಲೆ ಫೈಬರ್ ಹಾಸಿದ. ಈ ಸಲ ಲೈಟಿನ ತೂತು ರಸ್ತೆ ನೋಡಿತು.

ಡಾಕ್ಟರು ಹೂಂ ಅಂದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ವನಜಮ್ಮನವರಿಗೆ ಕಾರು ತೋರಿಸಲಿಕ್ಕೆ ಶೆಟ್ಟಿಕೊಪ್ಪಕ್ಕೆ ಹೊರಟರು. ಹೆಚ್ಚಾದ ಎಡ ಮಡ್‌ಗಾರ್ಡು ಸುಲೋಚನಮ್ಮನ ತೊಡೆಯ ಮೇಲಿತ್ತು. ಹೂವಪ್ಪ ಯಾರಿಗೂ ಹೇಳದೆ ಇಟ್ಟುಕೊಂಡ ಹೆದರಿಕೆ ಒಂದೇ: ಎಡಗೈ ಗೇರಿಗೆ ಹೋದಾಗ ಸ್ಟೀರಿಂಗ್ ಹಿಡಿಯಬೇಕಾದದ್ದು ಬಲಗೈ ಒಂದೇ. ಊರಾಚೆಯ ಏರು ಬಂತು. ಗೇರು ಬದಲಿಸಿದ. ಬಲಗೈ ನಡುಗಿತು, ಬಿಡಲಿಲ್ಲ. ಪಕ್ಕದಲ್ಲಿ ಉಸಿರು ಬಿಟ್ಟ ಸದ್ದು ಕೇಳಿದಾಗ ಅವನಿಗೆ ತಿಳಿಯಿತು, ಆ ಹೆದರಿಕೆಯನ್ನು ಅವನೊಬ್ಬನೇ ಇಟ್ಟುಕೊಂಡಿರಲಿಲ್ಲ.

ಏನಾದರೂ ಹೇಳಬೇಕೆನಿಸಿತು. ಹೆಂಡತಿಗೆ ಥ್ಯಾಂಕ್ಸ್ ಅಂದರೆ ಊಟ ಮುಗಿಸಿ ಹೊರಟ ನೆಂಟನ ಹಾಗಿರುತ್ತದೆ.

"ಬಲಗಡೆದು ಚೆನ್ನಾಗಿ ಕೂತದೆ," ಎಂದ.

"ಹ್ಞೂಂ," ಎಂದಳು, ಅವನ ಕೈ ನೋಡುತ್ತ.

ವನಜಮ್ಮ ಕಾರನ್ನು ಒಂದು ಸುತ್ತು ಬಂದು, ಕಣ್ಣೊರೆಸಿಕೊಂಡು, ಆ ಮಡ್‌ಗಾರ್ಡು ಎಂತಕ್ಕೆ ಎಂದು ಕೇಳಿದರು.

"ನಿಮ್ಮ ಕೋಳಿಗೆ," ಎಂದ ಹೂವಪ್ಪ. "ಅವುಗಳ ಮನೆ ನಾವು ತಗೊಂಡು ಹೋದ್ವಲ್ಲ. ಇದು ಎಡಗಡೆದು. ಅವಕ್ಕೆ ನಡೀತದೆ."

ಮಗುಚಿಟ್ಟು ಒಳಗೆ ಹುಲ್ಲು ಹಾಸಿದರು. ಒಂದು ಹೇಂಟೆ ಬಂದು, ಸುತ್ತ ಕುಕ್ಕಿ ನೋಡಿ, ಹತ್ತಿ ಕೂತಿತು.